ಮೊದಲ ಮೂವತ್ತು ಸೆಕೆಂಡು

ಎರಡು ವರ್ಷದ ಹಿಂದಿನ ಮಾತು. ಡಿಸೆಂಬರ್ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನನ್ನ ಫೋನಿನಿಂದ ಒಂದು ಪಟ್ಟಿ ಕಳಿಸಿದೆ. ಹಾಡುಗಳ ಪಟ್ಟಿ ಅಷ್ಟೇ. ಅದರಿಂದ ಯಾರ ಮನೆಯೂ ಮುಳುಗಲಿಲ್ಲ, ಯಾರ ಕೆಲಸವೂ ಹೋಗಲಿಲ್ಲ. ಆದರೆ ಆ ಪಟ್ಟಿಯ ಕೊನೆಯ ಕೆಲವು ಸಾಲುಗಳನ್ನು ಬರೆದ ಕೈ ನನ್ನದೇ ಎಂದು ನೆನಪಾದಾಗಲೆಲ್ಲ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ನಾನಿರುವುದು ಹುಬ್ಬಳ್ಳಿಯ ಉಣಕಲ್‌ನಲ್ಲಿ. ಕೆಲಸ ಧಾರವಾಡದ ಆಚೆ, ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ. ಅಲ್ಲಿ ತಗಡನ್ನು ಒತ್ತಿ ವಾಹನಗಳ ಬಿಡಿಭಾಗ ಮಾಡುತ್ತಾರೆ. ನಾನು ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಕೈಯಲ್ಲೊಂದು ಗೇಜ್ ಇರುತ್ತದೆ. ತುಂಡು ಅದರೊಳಗೆ ಕೂತರೆ ಪಾಸ್, ಕೂರದಿದ್ದರೆ ಕೆಂಪು ಡಬ್ಬಿಗೆ. ಒಂದು ತುಂಡಿಗೆ ಐದಾರು ಸೆಕೆಂಡು ಸಾಕು. ಹದಿಮೂರು ವರ್ಷ ಇದನ್ನೇ ಮಾಡಿ ಮಾಡಿ, ಯಾವುದನ್ನೇ ಆಗಲಿ ಒಂದು ನೋಟಕ್ಕೆ ಅಳೆದುಬಿಡುತ್ತೇನೆ ಎಂಬ ಜಂಬ ನನಗೆ ಬಂದಿತ್ತು.

ಕೆಲಸ ಬಿಟ್ಟರೆ ನನಗಿದ್ದ ಹುಚ್ಚು ಹಾಡಿನದು. ಸಿನಿಮಾ ಹಾಡಲ್ಲ. ಯಾವುದೋ ಊರಿನ ಹುಡುಗ ಹುಡುಗಿಯರು ತಮ್ಮ ಕೋಣೆಯಲ್ಲಿ ಕೂತು ತಾವೇ ಬರೆದು, ತಾವೇ ಬಾರಿಸಿ, ತಾವೇ ಹಾಡಿ ಇಂಟರ್ನೆಟ್ಟಿಗೆ ಹಾಕುತ್ತಾರಲ್ಲ, ಅಂಥ ಹಾಡು. ಇಂಡೀ, ಆಲ್ಟರ್ನೇಟಿವ್ ಎಂದೆಲ್ಲ ಅದಕ್ಕೆ ಹೆಸರಿದೆ. "ಧಾರವಾಡದ ನೀರು ಕುಡದು ಇದೇನ್ ಗದ್ಲಾ ಕೇಳ್ತಿಯೋ ಮಾರಾಯಾ" ಎಂದು ನಮ್ಮ ಕಾಕಾ ಬೈಯುತ್ತಿದ್ದರು. ಬೈದಷ್ಟೂ ನನ್ನ ಹುಚ್ಚು ಹೆಚ್ಚಾಯಿತು. ಪ್ರತಿ ಡಿಸೆಂಬರ್‌ನಲ್ಲಿ ಆ ವರ್ಷ ನನಗೆ ಹಿಡಿಸಿದ ಹತ್ತು ಹಾಡುಗಳನ್ನು ಆರಿಸಿ, ಒಂದೊಂದಕ್ಕೆ ಎರಡು ಸಾಲು ಬರೆದು ಗೆಳೆಯರಿಗೆ ಕಳಿಸುತ್ತಿದ್ದೆ. ಮೊದಲು ನಾಲ್ಕು ಜನ ಓದುತ್ತಿದ್ದರು. ಅವರು ಇನ್ನೊಬ್ಬರಿಗೆ ಹೇಳಿ, ವಾಟ್ಸಾಪ್ ಗುಂಪಾಗಿ, ಬೆಳಗಾವಿ, ಗದಗ, ಶಿರಸಿಯಿಂದೆಲ್ಲ ಜನ ಸೇರಿಕೊಂಡು ಇನ್ನೂರು ಚಿಲ್ಲರೆ ಆದರು. ಹಾಡು ಮಾಡುವವರೇ ಅದರಲ್ಲಿ ಬಹಳ ಮಂದಿ. ‘ಪಟ್ಟಿಯಲ್ಲಿ ಬಂತು’ ಎಂದು ಅವರು ಸ್ಟೇಟಸ್ ಹಾಕಿಕೊಳ್ಳುತ್ತಿದ್ದರು. ನನ್ನ ತಲೆ ಸ್ವಲ್ಪ ತಿರುಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ಪಟ್ಟಿಯ ಹಿಂದೆ ಇನ್ನೊಬ್ಬರ ಕಿವಿಯೂ ಇತ್ತು. ಅದು ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ಅವರ ಹೆಸರು ಶಿವಪುತ್ರಪ್ಪ. ಮುಗದ ಊರಿನವರು. ನಮ್ಮ ಕಾರ್ಖಾನೆಯಲ್ಲೇ ತಗಡು ಒತ್ತುವ ಪ್ರೆಸ್ ಯಂತ್ರದ ಆಪರೇಟರ್. ಆಗ ಉಣಕಲ್‌ನಲ್ಲಿ ಬಾಡಿಗೆ ಮನೆ ಮಾಡಿದ್ದರು. ಕಂಪನಿ ಬಸ್ಸಿಗೆ ನಾವಿಬ್ಬರೂ ಒಂದೇ ಸ್ಟಾಪಿನಲ್ಲಿ ಹತ್ತಿ, ಎಡಗಡೆ ಮೂರನೇ ಸೀಟಿನಲ್ಲಿ ಜೊತೆಗೆ ಕೂರುತ್ತಿದ್ದೆವು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಆದರೂ ನಾನು ಸ್ಟಾಫ್ ಎಂಬ ಕಾರಣಕ್ಕೆ ‘ಸಾಹೇಬ್ರ’ ಎನ್ನುವುದನ್ನು ಕೊನೆಯವರೆಗೆ ಬಿಡಲಿಲ್ಲ. ನಾನು ಅವರಿಗೆ ‘ಅಣ್ಣಾರ’ ಎನ್ನುತ್ತಿದ್ದೆ.

ಪರಿಚಯವಾದ ಹೊಸತರಲ್ಲಿ ಒಂದು ದಿನ ಕೇಳಿದರು. "ಸಾಹೇಬ್ರ, ದಿನಾ ಕಿವ್ಯಾಗ ಹಾಕ್ಕೊಂಡು ಏನ್ ಕೇಳಾಕತ್ತಿರ್ತೀರಿ? ಸಿನಿಮಾದ ಹಾಡೇನ್ರಿ?"

"ಅಲ್ರಿ ಅಣ್ಣಾರ. ಇಂಡೀ ಹಾಡು ಅಂತಾರ ಇದಕ್ಕ."

"ಇಂಡಿ ಅಂದ್ರ ನಮ್ಮ ವಿಜಾಪುರದ ಕಡೀ ಊರೇನ್ರಿ? ಅಲ್ಲಿ ಲಿಂಬಿಹಣ್ಣು ಛಲೋ ಬೆಳಿತಾರ ಅಂತ ಕೇಳೀನಿ. ಹಾಡೂ ಬೆಳಿತಾರೇನು?"

ನಾನು ನಗುತ್ತಾ ಇಯರ್‌ಫೋನಿನ ಒಂದು ತುದಿಯನ್ನು ಅವರ ಕೈಗೆ ಕೊಟ್ಟೆ. ಅವತ್ತಿನಿಂದ ಆರು ವರ್ಷ ಅದೇ ನಡೆಯಿತು. ಉಣಕಲ್ ಕೆರೆ ದಾಟುವಷ್ಟರಲ್ಲಿ ಒಂದು ತುದಿ ನನ್ನ ಬಲಗಿವಿಗೆ, ಇನ್ನೊಂದು ಅವರ ಎಡಗಿವಿಗೆ. ಬಸ್ಸಿನವರೆಲ್ಲ "ಗಂಡ ಹೆಂಡತಿ ಕುಂತಾರ ನೋಡ್ರಿ" ಎಂದು ಚೇಷ್ಟೆ ಮಾಡುತ್ತಿದ್ದರು.

ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಗಿಟಾರಿಗೂ ಕೀಬೋರ್ಡಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಆದರೆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಿದ್ದರು. ನಡುವೆ ಮಾತಾಡುತ್ತಿರಲಿಲ್ಲ. ಮುಗಿದ ಮೇಲೆ ಮುಂದಿನ ಸೀಟಿನ ಕಬ್ಬಿಣದ ಪಟ್ಟಿಯ ಮೇಲೆ ಬೆರಳು ಬಡಿಯುತ್ತಾ ಒಂದು ಮಾತು ಹೇಳುತ್ತಿದ್ದರು. ಧಾರವಾಡದ ಹಾಸ್ಟೆಲ್ ಹುಡುಗಿಯೊಬ್ಬಳು ತನ್ನ ಊರಿನ ಬಸ್ಸಿನ ಬಗ್ಗೆ ಮೆಲ್ಲಗೆ ಹಾಡಿದ ಒಂದು ಹಾಡು ಕೇಳಿಸಿದ್ದೆ. ಮುಗಿದ ಮೇಲೆ ಅವರು ಹೇಳಿದ್ದು, "ಈ ಹುಡುಗಿ ಹಾಡಾಕತ್ತಿಲ್ರಿ ಸಾಹೇಬ್ರ. ಬಾಗಲದಾಗ ನಿಂತು, ಒಳಗ ಬರ್ಲೇನು ಅಂತ ಕೇಳಾಕತ್ತಾಳ." ಆ ಮಾತನ್ನೇ ನಾನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಆ ವರ್ಷದ ಪಟ್ಟಿಯಲ್ಲಿ ಬರೆದೆ. ‘ಎಂಥಾ ಮಾತು ಬರೆದಿದ್ದೀರಿ ಪ್ರಕಾಶ್’ ಎಂದು ಎಷ್ಟೋ ಜನ ಹೊಗಳಿದರು. ಹೊಗಳಿಕೆಯನ್ನು ಜೇಬಿಗೆ ಹಾಕಿಕೊಂಡು ಸುಮ್ಮನಿದ್ದೆ.

ಇನ್ನು ನನ್ನ ನಿಯಮದ ವಿಷಯ. ನಾನು ಹೇಳುತ್ತಿರುವ ಡಿಸೆಂಬರಿನ ಹಿಂದಿನ ವರ್ಷ ಗುಂಪಿನಲ್ಲಿ ಒಬ್ಬ, ‘ಈತ ಪರಿಚಯದವರ ಹಾಡನ್ನೇ ಹಾಕುತ್ತಾನೆ’ ಎಂದು ಬರೆದುಬಿಟ್ಟಿದ್ದ. ನನಗೆ ಉರಿದುಹೋಯಿತು. ಮುಂದಿನ ಸಲ ಯಾರೂ ಬೆರಳು ತೋರಿಸಬಾರದೆಂದು ಕಾರ್ಖಾನೆಯ ಪದ್ಧತಿಯನ್ನೇ ಹಾಡಿಗೂ ತಂದೆ. ಹಾಡು ಮಾಡಿದವರು ಅದನ್ನು ನನ್ನ ಫೋನಿಗೆ ಕಳಿಸಬಾರದು, ನನ್ನ ಹೆಂಡತಿ ಸವಿತಾಳ ಫೋನಿಗೆ ಕಳಿಸಬೇಕು. ಅವಳು ಹೆಸರು ತೆಗೆದು ನಂಬರು ಕೊಡಬೇಕು. ಪ್ರತಿ ಹಾಡಿನ ಮೊದಲ ಮೂವತ್ತು ಸೆಕೆಂಡು ಮಾತ್ರ ಕತ್ತರಿಸಿ, ಎಲ್ಲವನ್ನೂ ಒಂದಾದ ಮೇಲೊಂದರಂತೆ ಜೋಡಿಸಿ ನನಗೆ ಕೊಡಬೇಕು. ಆ ಅರ್ಧ ನಿಮಿಷದಲ್ಲಿ ಪಾಸಾದದ್ದನ್ನು ಮಾತ್ರ ನಾನು ಪೂರ್ತಿ ಕೇಳುತ್ತೇನೆ. ಸವಿತಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. "ದಿನಾ ಬಟ್ಟಿ ಕತ್ತರಿಸಿದ್ದು ಸಾಲದಂತ, ಇನ್ನ ಹಾಡನ್ನೂ ಕತ್ತರಿಸಬೇಕೇನು?" ಎಂದು ಗೊಣಗಿದರೂ ಫೋನಿನಲ್ಲಿ ಅದನ್ನು ಮಾಡುವುದನ್ನು ಕಲಿತುಕೊಂಡಳು.

ಬಸ್ಸಿನಲ್ಲಿ ಈ ನಿಯಮವನ್ನು ಶಿವಪುತ್ರಣ್ಣನಿಗೂ ವಿವರಿಸಿದ್ದೆ. ಅವರು, "ಹೆಸರ ಇಲ್ಲದ ಕೇಳೋದು ಭಾಳ ಛಲೋ ಬಿಡ್ರಿ. ಆದ್ರ ಮೂವತ್ತ ಸೆಕೆಂಡಿಗೆ ಹಾಡು ಇನ್ನೂ ಬಾಗಲದಾಗ ಚಪ್ಪಲಿ ಬಿಡಾಕತ್ತಿರತೈತಲ್ರಿ?" ಎಂದರು. ನಾನು ನಕ್ಕೆ. "ತುಂಡು ಛಲೋ ಇದ್ರ ಗೇಜ್‌ಗೆ ತಕ್ಷಣ ಕೂಡ್ತೈತಿ, ಅಣ್ಣಾರ" ಎಂದೆ.

ಆ ವರ್ಷ ನವೆಂಬರ್‌ನಲ್ಲಿ ಕಾರ್ಖಾನೆಗೆ ಹೊಸ ಯಂತ್ರಗಳು ಬಂದವು. ಶಿವಪುತ್ರಣ್ಣ ಇಪ್ಪತ್ತೆರಡು ವರ್ಷ ನಡೆಸಿದ ಹಳೆಯ ಪ್ರೆಸ್ಸನ್ನು ಬಿಚ್ಚಿ ಗುಜರಿಗೆ ಹಾಕಿದರು. ಆ ಪ್ರೆಸ್ಸಿಗೆ ಅವರು ‘ಆಯಿ’ ಎಂದು ಹೆಸರಿಟ್ಟಿದ್ದರು. ನಮ್ಮ ಕಡೆ ಆಯಿ ಅಂದರೆ ಅಜ್ಜಿ. ಬೆಳಿಗ್ಗೆ ಅದರ ಮೈ ಮುಟ್ಟಿ ಕೈ ಮುಗಿದೇ ಸ್ವಿಚ್ ಹಾಕುತ್ತಿದ್ದರು. ಬಿಚ್ಚುವ ಹಿಂದಿನ ದಿನ ಬಸ್ಸಿನಲ್ಲಿ, "ಆಯಿ ನಾಳೆ ಹೊಂಟಾಳ್ರಿ" ಎಂದಷ್ಟೇ ಹೇಳಿದರು. "ಹೊಸಾದು ಬಂದ್ರ ನಿಮಗ ಆರಾಮಲ್ರಿ, ಸಪ್ಪಳನೂ ಇಲ್ಲ" ಎಂದು ನಾನು ಸಮಾಧಾನದ ಮಾತಾಡಿ ಹಾಡು ಹಚ್ಚಿದೆ. ಅವರು ತಮ್ಮ ತುದಿಯನ್ನು ಕಿವಿಗೆ ಹಾಕಿಕೊಂಡರು.

ಡಿಸೆಂಬರ್‌ನಲ್ಲಿ ಸವಿತಾ ಜೋಡಿಸಿಕೊಟ್ಟ ಫೈಲಿನಲ್ಲಿ ನಲವತ್ತೊಂದು ಹಾಡುಗಳಿದ್ದವು. ಒಂದು ಶನಿವಾರ ಮಧ್ಯಾಹ್ನ ಊಟ ಮುಗಿಸಿ, ಕಂಪನಿಯಿಂದ ತಂದ ಇನ್‌ಸ್ಪೆಕ್ಷನ್ ಹಾಳೆಯೊಂದನ್ನು ಮುಂದಿಟ್ಟುಕೊಂಡು ಕೂತೆ. ಟಿಕ್ಕು, ಇಂಟು, ಇಂಟು, ಟಿಕ್ಕು. ಹುಬ್ಬಳ್ಳಿಯ ಕಾಲೇಜು ಹುಡುಗರ ಬ್ಯಾಂಡಿನ ಹಾಡೊಂದು ಮೊದಲ ಹೊಡೆತಕ್ಕೇ ನನ್ನನ್ನು ಎಬ್ಬಿಸಿ ಕೂರಿಸಿತು. ಬೆಳಗಾವಿಯ ಅಣ್ಣ ತಂಗಿ ಇಬ್ಬರು ಗಿಟಾರಿನ ಜೊತೆ ಬೀಸುವ ಕಲ್ಲಿನ ಸಪ್ಪಳ ಸೇರಿಸಿ ಹಾಡಿದ್ದು ಕೇಳಿ ಮೈ ಜುಮ್ಮೆಂದಿತು. ಅವೆಲ್ಲ ಯಾರ ಹಾಡು ಎಂದು ನನಗೆ ತಿಳಿದದ್ದು ಆಮೇಲೆ.

ಇಪ್ಪತ್ಮೂರನೇ ನಂಬರು ಬಂತು. ಧಡ್, ಕಟಕ್. ಧಡ್, ಕಟಕ್. ನಾಲ್ಕು ಸಲಕ್ಕೊಮ್ಮೆ ಸುಯ್ಯೆಂದು ಗಾಳಿ ಬಿಟ್ಟ ಹಾಗೆ ಒಂದು ಶಬ್ದ. ಮತ್ತೆ ಧಡ್, ಕಟಕ್. ಹಾಡೂ ಇಲ್ಲ, ಪಾಡೂ ಇಲ್ಲ. ಕೊನೆಗೆ ಯಾರೋ ಉಸಿರೆಳೆದುಕೊಂಡರು, ಗಂಡಸಿನ ದನಿಯಲ್ಲಿ ನಾನು ಲಕ್ಷ್ಯ ಕೊಡದ ಎರಡು ಶಬ್ದ ಬಂದವು, ಅಷ್ಟರಲ್ಲಿ ಮೂವತ್ತು ಸೆಕೆಂಡು ಮುಗಿಯಿತು. ನಾನು ಇಂಟು ಹಾಕಿದೆ.

ಬಾಗಿಲಲ್ಲಿ ನಿಂತಿದ್ದ ಸವಿತಾ ಅದನ್ನು ನೋಡಿದಳು. "ಅದೊಂದನ್ನ ಪೂರಾ ಕೇಳ್ರಿ" ಎಂದಳು.

"ಯಾಕ? ಯಾರದು?"

"ಯಾರದು ಅಂತ ಹೇಳಬಾರದು ಅಂತ ನೀವ ನಿಯಮ ಮಾಡೀರಿ. ಆದ್ರ ಕೇಳ್ರಿ. ಮೂರೂವರೆ ನಿಮಿಷ ಐತಿ ಅಷ್ಟ."

"ನೋಡು, ಒಬ್ಬರಿಗೊಂದು ನಿಯಮ, ಇನ್ನೊಬ್ಬರಿಗೊಂದು ನಿಯಮ ಇರಂಗಿಲ್ಲ. ನೀನ ಹಿಂಗ ವಶೀಲಿ ಮಾಡಿದ್ರ ಹೆಂಗ?"

ಅವಳ ಮುಖ ಸಣ್ಣದಾಯಿತು. ಸಂಜೆ ಮತ್ತೊಮ್ಮೆ ಬಂದು, "ಫೇಲಾದವ್ನ ನನ್ನ ಫೋನಿನಾಗಿಂದ ತಗದ ಬಿಡ್ಲೇನು? ಜಾಗಾ ಇಲ್ಲ ಅಂತ ತೋರಸಾಕತ್ತೈತಿ" ಎಂದು ಕೇಳಿದಳು. ಈಗ ಯೋಚಿಸಿದರೆ ಅದು ನನಗೆ ಕೊಟ್ಟ ಎರಡನೇ ಅವಕಾಶ. ನಾನು ಪಾಸಾದ ಹಾಡುಗಳಲ್ಲಿ ಮುಳುಗಿದ್ದೆ. ತಲೆ ಎತ್ತದೆ, "ತಗಿ ತಗಿ" ಎಂದೆ.

ಪಟ್ಟಿ ಅಷ್ಟಕ್ಕೇ ನಿಲ್ಲಬಹುದಿತ್ತು. ಹಿಂದಿನ ವರ್ಷಗಳಲ್ಲೆಲ್ಲ ಅಲ್ಲಿಗೇ ನಿಂತಿತ್ತು. ಆ ಸಲ ನನಗೇನೋ ಹುರುಪು ಬಂದು, ಹತ್ತು ಹಾಡುಗಳ ಕೆಳಗೆ ‘ಕಿವಿಗೆ ಬಿದ್ದ ಪೆಟ್ಟುಗಳು’ ಎಂದು ಇನ್ನೊಂದು ಭಾಗ ಸೇರಿಸಿದೆ. ಫೇಲಾದ ಹಾಡುಗಳಲ್ಲಿ ನಾಲ್ಕನ್ನು ಆರಿಸಿ ನಗೆಚಾಟಿಕೆ. ಹೆಸರಿಲ್ಲ, ಬರೀ ನಂಬರು, ಯಾರಿಗೂ ನೋವಾಗುವುದಿಲ್ಲ ಎಂದುಕೊಂಡಿದ್ದೆ. ಇಪ್ಪತ್ಮೂರರ ಬಗ್ಗೆ ಬರೆದದ್ದು ಅಕ್ಷರ ಬಿಡದೆ ನೆನಪಿದೆ. ‘ಇವರು ತಗಡಿನ ಅಂಗಡಿಯಲ್ಲಿ ಫೋನು ಮರೆತು ಬಂದಿದ್ದಾರೆ. ದಯವಿಟ್ಟು ಹೋಗಿ ಫೋನು ಎತ್ತಿಕೊಂಡು ಬರಲಿ. ಹಾಡುವ ಉಸಾಬರಿ ಬೇಡ.’

ಭಾನುವಾರ ಕಳಿಸಿದ ಐದೇ ನಿಮಿಷಕ್ಕೆ ಗುಂಪಿನಲ್ಲಿ ನಗುವಿನ ಸುರಿಮಳೆ. ಹತ್ತು ಹಾಡುಗಳ ಬಗ್ಗೆ ಮಾತಾಡಿದವರಿಗಿಂತ ಆ ಕೊನೆಯ ಸಾಲುಗಳಿಗೆ ನಕ್ಕವರೇ ಹೆಚ್ಚು. ತಗಡಿನ ಅಂಗಡಿ ಎಲ್ಲರ ಬಾಯಲ್ಲೂ ಓಡಾಡಿತು. ನಾನು ಕುರ್ಚಿಯ ಮೇಲೆ ಕಾಲು ಚಾಚಿಕೊಂಡು ಒಂದೊಂದನ್ನೂ ಓದಿ ಹಿಗ್ಗುತ್ತಿದ್ದೆ.

ಊಟದ ಹೊತ್ತಿಗೆ ಸವಿತಾ ಹೊಲಿಗೆ ಮಷೀನಿನ ಮುಂದಿನಿಂದ ಎದ್ದು ಬಂದಳು. ಕೊರಳಲ್ಲಿ ಟೇಪು ಹಾಗೇ ಇತ್ತು, ಕೈಯಲ್ಲಿ ಫೋನಿತ್ತು.

"ಇದೇನ್ರಿ ಬರ್ದೀರಿ ಇದು?"

"ಯಾಕ, ಎಲ್ಲಾರೂ ನಗಾಕತ್ತಾರ ನೋಡಿಲ್ಲೇನು?"

"ಅದು ಶಿವಪುತ್ರಣ್ಣಾರ ಹಾಡ್ರಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಶಿವಪುತ್ರಣ್ಣ ಹಾಡುವುದುಂಟೇ? ಆರು ವರ್ಷದಲ್ಲಿ ಅವರು ಒಂದು ಸಲವೂ ನನ್ನೆದುರು ಹಾಡಿರಲಿಲ್ಲ. ನಾನೂ ಒಂದು ಸಲವೂ ಕೇಳಿರಲಿಲ್ಲ.

ಆಮೇಲೆ ಅವಳು ಎಲ್ಲ ಹೇಳಿದಳು. ಡಿಸೆಂಬರ್ ಮೊದಲ ವಾರ ಜ್ವರ ಎಂದು ರಜೆ ಹಾಕಿದ ದಿನ ಅವರು ನಮ್ಮ ಮನೆಗೆ ಬಂದಿದ್ದರಂತೆ. ಜ್ವರವೇನೂ ಇರಲಿಲ್ಲ. ಬಾಗಿಲಲ್ಲೇ ನಿಂತು, "ತಂಗೀ, ನಾನೂ ಒಂದು ಹಾಡು ಮಾಡೀನಿ. ಸಾಹೇಬ್ರಿಗೆ ಹೆಸರು ಹೇಳಬ್ಯಾಡವಾ. ಹೇಳಿದ್ರ ಮುಲಾಜಿಗೆ ಬಿದ್ದು ಹಾಕಿಬಿಡ್ತಾರ. ಹೆಸರ ಇಲ್ಲದ ಅವರಿಗೆ ಸೇರಬೇಕು ನೋಡು" ಎಂದು ತಮ್ಮ ಫೋನಿನಿಂದ ಅವಳ ಫೋನಿಗೆ ಹಾಕಿಕೊಟ್ಟರಂತೆ. ಆಯಿಯನ್ನು ಬಿಚ್ಚುವ ಮೊದಲು ಅದರ ಸಪ್ಪಳವನ್ನು ಫೋನಿನಲ್ಲಿ ಹಿಡಿದಿದ್ದರು. ಅದೇ ತಾಳಕ್ಕೆ ತಾವೇ ಕಟ್ಟಿ ಹಾಡಿದ್ದರು. ಮೊದಲು ಅರ್ಧ ನಿಮಿಷ ಸಪ್ಪಳವನ್ನೇ ಬಿಟ್ಟದ್ದು ಯಾಕೆಂದು ಸವಿತಾ ಕೇಳಿದ್ದಕ್ಕೆ, "ಆಕಿ ದೊಡ್ಡಾಕಿ ಅಲ್ಲೇನು? ಮೊದಲ ಆಕಿ ಹಾಡ್ಲಿ, ಆಮ್ಯಾಲ ನಾನು" ಎಂದಿದ್ದರಂತೆ.

"ಮೂವತ್ತ ಸೆಕೆಂಡಿನ ನಿಯಮ ಅವರಿಗೆ ಗೊತ್ತಿತ್ತಲ್ಲ?" ಎಂದೆ.

"ನಾನೂ ಅದನ್ನ ಹೇಳಿದ್ನಿ. ‘ದಿನಾ ಅದ ಶೆಡ್ಡಿನ್ಯಾಗ ಓಡಾಡೋ ಮನಿಷಾ, ಆಯಿ ದನಿ ಕೇಳಿದ ಕೂಡ್ಲೆ ಗುರ್ತು ಹಿಡೀತಾರ, ಮುಂದ ಕೇಳದ ಬಿಡಂಗಿಲ್ಲ’ ಅಂದ್ರು."

ನಾನು ಗುರುತು ಹಿಡಿಯಲಿಲ್ಲ. ಶೆಡ್ಡಿಗೆ ಹೋಗುವಾಗ ಕಿವಿಗೆ ಪ್ಲಗ್ ತುರುಕಿಕೊಂಡು ಹೋಗುವವನು ನಾನು. ಉಳಿದ ಹೊತ್ತು ಗಾಜಿನ ಕೋಣೆಯಲ್ಲಿ ಇರುವವನು. ಬಸ್ಸು ಹತ್ತಿದ ಕೂಡಲೇ ಪ್ಲಗ್ ಹೋಗಿ ಇಯರ್‌ಫೋನು ಬರುತ್ತಿತ್ತು. ಹದಿಮೂರು ವರ್ಷ ಇಪ್ಪತ್ತು ಮಾರು ದೂರದಲ್ಲಿದ್ದ ಯಂತ್ರದ ದನಿ ನನಗೆ ಗೊತ್ತಿರಲಿಲ್ಲ. ಬೆಳಗಾವಿಯವರ ಬೀಸುವ ಕಲ್ಲಿಗೆ ಮೈ ಜುಮ್ಮೆಂದವನು ನಾನೇ ಎನ್ನುವುದೂ ನೆನಪಾಗಿ ನಾಚಿಕೆಯಾಯಿತು.

ಗಡಿಬಿಡಿಯಿಂದ ಪಟ್ಟಿಯನ್ನು ಅಳಿಸಿದೆ. ಅಷ್ಟರಲ್ಲಿ ಸವಿತಾ ಇನ್ನೊಂದು ಮಾತು ಹೇಳಿದಳು. ಫಲಿತಾಂಶ ನೋಡಲೆಂದು ಅವರು ಕೇಳಿಕೊಂಡಿದ್ದಕ್ಕೆ ಹಿಂದಿನ ವಾರವೇ ಅವಳು ಶಿವಪುತ್ರಣ್ಣನನ್ನು ಗುಂಪಿಗೆ ಸೇರಿಸಿದ್ದಳು, ಇನ್ನೂರು ಜನರ ನಡುವೆ ನಾನು ಅದನ್ನು ಗಮನಿಸಿರಲಿಲ್ಲ. ಅಳಿಸುವ ಮೊದಲೇ ಯಾರು ಯಾರು ಓದಿದ್ದಾರೆ ಎಂಬುದನ್ನು ಅವಳು ನನ್ನ ಫೋನಿನಲ್ಲಿ ನೋಡಿಕೊಂಡಿದ್ದಳು. ಅವರೂ ಓದಿದ್ದರು.

ಅವರ ಮನೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. "ಈಗಿಂದೀಗ ಹೋಗಿ ಬರ್ರಿ" ಎಂದು ಸವಿತಾ ಮೂರು ಸಲ ಹೇಳಿದಳು. ನಾನು ಅಂಗಿ ಹಾಕಿಕೊಂಡು ಕೆರೆಯವರೆಗೆ ಹೋದೆ. ಭಾನುವಾರವಾದ್ದರಿಂದ ಜನ ಬಹಳ ಇದ್ದರು. ಕಟ್ಟೆಯ ಮೇಲೆ ಒಂದು ತಾಸು ಕೂತೆ. ಏನೆಂದು ಮಾತು ಶುರು ಮಾಡಲಿ? ನಾಳೆ ಬಸ್ಸಿನಲ್ಲಿ ಹೇಗೂ ಸಿಗುತ್ತಾರೆ, ಅಲ್ಲಿ ಸಲೀಸಾಗಿ ಮಾತಾಡಿದರಾಯಿತು ಎಂದು ಮನಸ್ಸಿಗೆ ನೆಪ ಹೇಳಿ ವಾಪಸ್ ಬಂದೆ. ಬರೆದದ್ದು ಒಂದು ತಪ್ಪಾದರೆ ಹೀಗೆ ತಿರುಗಿ ಬಂದದ್ದು ಅದಕ್ಕಿಂತ ದೊಡ್ಡ ತಪ್ಪು.

ಸೋಮವಾರ ನಾನು ಸ್ಟಾಪಿಗೆ ತಡವಾಗಿ ಬಂದು ಬಸ್ಸು ಹತ್ತಿದಾಗ ಅವರು ಎಂದಿನ ಸೀಟಿನಲ್ಲೇ ಕೂತಿದ್ದರು. ಪಕ್ಕದಲ್ಲಿ ನನಗೆ ಜಾಗವನ್ನೂ ಹಿಡಿದಿದ್ದರು. "ಬರ್ರಿ ಸಾಹೇಬ್ರ, ಥಂಡಿ ಭಾಳ ಬಿಟ್ಟೈತಿ" ಎಂದರು. ನನಗೆ ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಏನು ಮಾಡಬೇಕೆಂದು ತಿಳಿಯದೆ ರೂಢಿಯಂತೆ ಇಯರ್‌ಫೋನಿನ ತುದಿ ಚಾಚಿದೆ.

"ಇವತ್ತ ಬ್ಯಾಡ್ರಿ. ಕಿವಿ ಸ್ವಲ್ಪ ನೋಯಾಕತ್ತೈತಿ" ಎಂದರು.

"ಅಣ್ಣಾರ, ನಂದು ತಪ್ಪಾತ್ರಿ. ನಿಮ್ಮದು ಅಂತ ಗೊತ್ತಿರಲಿಲ್ಲ."

"ಗೊತ್ತಿರಬಾರದು ಅಂತ ನಾನ ಹೇಳಿದ್ನೆಲ್ರಿ. ಅದರಾಗ ನಿಮ್ಮ ತಪ್ಪೇನು? ಗೇಜ್‌ಗೆ ಕೂಡ್ಲಿಲ್ಲ, ಬಿಟ್ರಿ. ನಾನೂ ದಿನಾ ಎಷ್ಟ ತುಂಡು ಕೆಂಪ ಡಬ್ಬಿಗೆ ಹಾಕ್ತೇನಿ."

"ಹಂಗಲ್ರಿ. ನಾ ಪೂರಾ ಕೇಳೇ ಇಲ್ಲ. ನನಗೊಮ್ಮೆ ಪೂರಾ ಹಾಡು ಕೊಡ್ರಿ."

ಅವರು ಕಿಟಕಿಯ ಕಡೆ ನೋಡಿದರು. "ಅಳಿಸಿಬಿಟ್ನಿರಿ. ನಿನ್ನೆನ ಎಲ್ಲಾ ಅಳಿಸೀನಿ. ಎಲ್ಲಾರೂ ಅಷ್ಟ ನಗಾಕತ್ತಿದ್ರು, ಇಟ್ಕೊಂಡು ಏನ್ ಮಾಡ್ಲಿ ಅನಿಸ್ತು."

"ಮತ್ತೊಮ್ಮೆ ಹಾಡೋಣು ಬರ್ರಿ. ನಾನ ರೆಕಾರ್ಡ್ ಮಾಡ್ತೇನಿ. ಛಲೋ ಮೈಕ್ ತರ್ತೇನಿ."

"ಆಯಿ ಎಲ್ಲದಾಳ್ರಿ ಸಾಹೇಬ್ರ?" ಎಂದರು. ಸಿಟ್ಟಿನಿಂದ ಅಲ್ಲ, ನಾನು ಮರೆತಿದ್ದನ್ನು ನೆನಪು ಮಾಡಿಕೊಡುವವರ ಹಾಗೆ ಮೆಲ್ಲಗೆ ಕೇಳಿದರು. ಬಸ್ಸು ನವನಗರ ದಾಟುತ್ತಿತ್ತು. ನಾನು ಚಾಚಿದ್ದ ತುದಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡೆ.

ಸವಿತಾಳ ಫೋನನ್ನು ಹುಬ್ಬಳ್ಳಿಯ ಎರಡು ರಿಪೇರಿ ಅಂಗಡಿಗಳಿಗೆ ಒಯ್ದೆ. ಅಳಿಸಿದ್ದು ಸಿಗಲಿಲ್ಲ. ಆ ಹಾಡನ್ನು ಪೂರ್ತಿ ಕೇಳಿದವಳು ಅವಳೊಬ್ಬಳೇ. ಏನಿತ್ತು, ಹೇಗಿತ್ತು ಎಂದು ಮತ್ತೆ ಮತ್ತೆ ಕೇಳಿದೆ. ಮೊದಮೊದಲು, "ನನಗ ನೆನಪಿಲ್ಲ ಬಿಡ್ರಿ" ಎನ್ನುತ್ತಿದ್ದಳು. ಒಂದು ದಿನ ಕಾಜಾ ಹಾಕುತ್ತಾ ಕೂತವಳು ತಾನಾಗಿಯೇ ಹೇಳಿದಳು. "ಆ ಪ್ರೆಸ್ ಕೂಡ ಮಾತಾಡಿದಂಗ ಇತ್ತರಿ. ನಿನ್ನ ಸಪ್ಪಳದಾಗ ನನ್ನ ಒಂದು ಕಿವಿ ಹೋತು, ಉಳಿದ ಕಿವಿಗೆ ಗೆಳ್ಯಾ ಹಾಡು ತಂದಾನ ಅಂತ ಏನೋ ಬರ್ತಿತ್ತು. ಸಾಲು ಬರೋಬ್ಬರಿ ನೆನಪಿಲ್ಲ."

ಅದಕ್ಕೇ ಅವರು ಯಾವಾಗಲೂ ಎಡಗಿವಿಗೆ ಹಾಕಿಕೊಳ್ಳುತ್ತಿದ್ದರು. ಆರು ವರ್ಷ ಪಕ್ಕದಲ್ಲಿ ಕೂತರೂ ಅವರ ಬಲಗಿವಿ ಮಂದ ಎಂಬುದು ನನಗೆ ಗೊತ್ತಿರಲಿಲ್ಲ. ಆ ಗೆಳೆಯ ಯಾರೆಂದು ನಾನು ಸವಿತಾಳನ್ನು ಕೇಳಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಅತ್ತೆ.

ಅದಾದ ಮೇಲೂ ನಾವು ಅದೇ ಸೀಟಿನಲ್ಲಿ ಕೂರುತ್ತಿದ್ದೆವು. ಮಳೆ, ಬೆಳೆ, ಮುಗದದ ಹೊಲ, ಕಂಪನಿಯ ಹೊಸ ಮ್ಯಾನೇಜರು, ಎಲ್ಲ ಮಾತಾಡುತ್ತಿದ್ದೆವು. ಹಾಡು ಮಾತ್ರ ನಮ್ಮ ನಡುವೆ ಬರಲಿಲ್ಲ. ನಾನೂ ಇಯರ್‌ಫೋನು ತರುವುದನ್ನು ಬಿಟ್ಟೆ. ಬಸ್ಸಿನಲ್ಲಿ ಚೇಷ್ಟೆ ಮಾಡುವವರೂ ಕ್ರಮೇಣ ಸುಮ್ಮನಾದರು.

ಮರುವರ್ಷ ಮೇ ತಿಂಗಳಲ್ಲಿ ಅವರು ನಿವೃತ್ತಿಯಾದರು. ಕ್ಯಾಂಟೀನಿನಲ್ಲಿ ಸಣ್ಣ ಬೀಳ್ಕೊಡುಗೆ. ಶಾಲು, ಹಾರ, ಗೋಡೆ ಗಡಿಯಾರ. ಯಾರೋ ಒಬ್ಬರು, "ಶಿವಪುತ್ರಪ್ಪಾರ, ಊರಾಗ ಭಜನಿಗೆ ಕೂಡ್ತಿದ್ರಂತ, ಒಂದು ಪದ ಆಗಲಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಎದ್ದು ನಿಂತು ಕೈ ಮುಗಿದು, "ನನಗ ಹಾಡಾಕ ಬರಂಗಿಲ್ರಿ" ಎಂದು ನಕ್ಕು ಕೂತರು. ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ ಎಂದು ನನಗೆ ಗೊತ್ತು.

ಆ ಡಿಸೆಂಬರ್‌ನಲ್ಲಿ ನಾನು ಪಟ್ಟಿ ಮಾಡಲಿಲ್ಲ. ಗುಂಪಿನವರು ಯಾಕೆಂದು ಕೇಳಿದರು. ನಡೆದದ್ದನ್ನು ಬರೆಯುವ ಧೈರ್ಯವಾಗಲಿಲ್ಲ. ಹೊಗಳಿಕೆ ತಂದುಕೊಟ್ಟ ಮಾತುಗಳು ಯಾರವು ಎಂದು ಬರೆಯುವ ಧೈರ್ಯವೂ ಆಗಲಿಲ್ಲ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಹಳೆಯ ಫೈಲುಗಳನ್ನು ತೆಗೆಯುವಾಗ ಸವಿತಾ ಅವತ್ತು ಜೋಡಿಸಿಕೊಟ್ಟ ನಲವತ್ತೊಂದು ತುಣುಕುಗಳ, ನಾನು ಮರೆತೇಬಿಟ್ಟಿದ್ದ ಫೈಲು ನನ್ನ ಫೋನಿನಲ್ಲೇ ಸಿಕ್ಕಿತು. ಅದರಲ್ಲಿ ಇಪ್ಪತ್ಮೂರನೆಯದೂ ಇತ್ತು. ಆ ಹಾಡಿನದು ಅಂತ ಈಗ ಲೋಕದಲ್ಲಿ ಉಳಿದದ್ದು ಆ ಮೂವತ್ತು ಸೆಕೆಂಡು. ಮರುದಿನವೇ ಮುಗದಕ್ಕೆ ಹೋದೆ. ಈ ಸಲ ದಾರಿಯಲ್ಲಿ ಎಲ್ಲೂ ಕೂರಲಿಲ್ಲ.

ಶಿವಪುತ್ರಣ್ಣ ಮನೆಯ ಮುಂದೆ ಜೋಳದ ರಾಶಿಯ ಚೀಲಗಳಿಗೆ ಬಾಯಿ ಹೊಲಿಯುತ್ತಿದ್ದರು. ನನ್ನನ್ನು ಕಂಡು ಬಹಳ ಸಂತೋಷಪಟ್ಟರು. ಅವರ ಹೆಂಡತಿ ಗಂಗಕ್ಕ ಹಚ್ಚಿದ ಅವಲಕ್ಕಿ, ಚಹಾ ಕೊಟ್ಟರು. ನಾನು ಜೇಬಿನಿಂದ ಇಯರ್‌ಫೋನು ತೆಗೆದು, "ಅಣ್ಣಾರ, ಅರ್ಧಾ ನಿಮಿಷ ಕಿವಿ ಕೊಡ್ರಿ" ಎಂದೆ. ಅವರು ನನ್ನ ಮುಖವನ್ನೇ ನೋಡಿ, ಒಂದು ತುದಿಯನ್ನು ಎಡಗಿವಿಗೆ ಹಾಕಿಕೊಂಡರು. ಇನ್ನೊಂದನ್ನು ನಾನು ಹಾಕಿಕೊಂಡೆ.

ಧಡ್, ಕಟಕ್. ಧಡ್, ಕಟಕ್.

"ಆಯಿ!" ಎಂದರು. ಎಷ್ಟು ಜೋರಾಗಿ ಅಂದರೆ, ಗಂಗಕ್ಕ ಒಳಗಿನಿಂದ ಹಣಕಿ ನೋಡಿದರು. ಅವರ ಬೆರಳು ತಾನಾಗಿ ಚೀಲದ ಮೇಲೆ ತಾಳ ಹಾಕತೊಡಗಿತು. ಕಣ್ಣು ತುಂಬಿ ಬಂದಿತ್ತು, ಮುಖ ನಗುತ್ತಿತ್ತು. ಸುಯ್ಯೆಂಬ ಶಬ್ದ ಬಂದಾಗಲೆಲ್ಲ, "ಕೇಳಿದ್ರಿಲ್ಲೋ, ಕೇಳಿದ್ರಿಲ್ಲೋ" ಎಂದು ನನ್ನ ತೊಡೆ ತಟ್ಟುತ್ತಿದ್ದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಎಲ್ಲ ಸರಿಹೋಯಿತೇನೋ ಎಂಬ ಆಸೆ ಆಗ ನನಗೆ ಒಂದು ಕ್ಷಣ ಬಂದದ್ದು ನಿಜ.

ಇಪ್ಪತ್ತಾರು, ಇಪ್ಪತ್ತೇಳು ಸೆಕೆಂಡಾಗಿರಬೇಕು. ಹಾಡುವವನು ಉಸಿರೆಳೆದುಕೊಳ್ಳುವ ಸಪ್ಪಳ ಬಂತು. ಶಿವಪುತ್ರಣ್ಣ ಥಟ್ಟನೆ ಕಿವಿಯಿಂದ ಅದನ್ನು ತೆಗೆದು ನನ್ನ ಕೈಯಲ್ಲಿಟ್ಟರು.

"ಸಾಕ್ರಿ ಸಾಹೇಬ್ರ. ಮುಂದಿಂದು ಏನೂ ಇಲ್ಲ" ಎಂದು ಚೀಲ ಹೊಲಿಯುವ ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡರು.

ನನ್ನ ಕಿವಿಯಲ್ಲಿ ಮಾತ್ರ ಅವರ ದನಿ ಬಂತು. "ಆಯೀ, ಕೇಳ..." ಎಂದಿತು, ಅಲ್ಲಿಗೆ ನಿಂತಿತು.